ಬಿಯರ್ ಪ್ರವಾಹ ಅಂದ್ರೆ ನಗು ಯಾಕೆ ಬರುತ್ತೆ?

ಕಳೆದ ರಾಜ್ಯೋತ್ಸವದ ಕ್ವಿಜ್ ನೆನಪಿದೆಯಾ? ಮೂರನೇ ಸುತ್ತಿನಲ್ಲಿ ಒಂದು ಪ್ರಶ್ನೆ ಇತ್ತು: "1814ರಲ್ಲಿ ಲಂಡನ್ನಿನ ಬೀದಿಗೆ ಪ್ರವಾಹ ನುಗ್ಗಿತು. ನೀರಿನದ್ದಲ್ಲ. ಹಾಗಾದರೆ ಯಾವುದರದ್ದು?" ಸ್ಟೇಜ್ ಮೇಲಿದ್ದ ಐದೂ ತಂಡ ಪಾಸ್ ಅಂದವು. ಪ್ರಶ್ನೆ ಸಭಿಕರಿಗೆ ಬಂತು. ಹಿಂದಿನ ಸಾಲಿನಿಂದ ಯಾರೋ "ಬಿಯರ್!" ಅಂತ ಕೂಗಿದರು. ಆಡಿಟೋರಿಯಂಗೆ ಆಡಿಟೋರಿಯಮ್ಮೇ ನಕ್ಕಿತು. "ನಮ್ಮ ಹಾಸ್ಟೆಲ್ ಕಡೆ ಯಾವಾಗ ಬರುತ್ತೆ ಗುರೂ?" ಅಂತ ಇನ್ನೊಬ್ಬರು ಕೇಳಿದ್ದಕ್ಕೆ ಮತ್ತೊಮ್ಮೆ ನಗು. ಉತ್ತರ ಹೇಳಿದವರಿಗೆ ಡೈರಿ ಮಿಲ್ಕ್ ಕೊಟ್ಟು ಮುಂದಿನ ಪ್ರಶ್ನೆಗೆ ಹೋದೆವು.

ಆ ಪ್ರಶ್ನೆ ಬರೆದವರು ನಾವೇ. ನಕ್ಕವರಲ್ಲೂ ನಾವು ಮೊದಲಿಗರು. ಆದ್ದರಿಂದ ಈ ಲೇಖನದಲ್ಲಿ ಬೈಯೋದಾದರೆ ಮೊದಲು ನಮ್ಮನ್ನೇ ಬೈದುಕೊಳ್ಳಬೇಕು.

ಅದಾಗಿ ಏಳು ತಿಂಗಳಿಗೆ ನಾವು ನಾಲ್ಕು ಜನ, ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಕೆಮಿಕಲ್, ಆರು ವಾರದ ಇಂಟರ್ನ್‌ಶಿಪ್‌ಗೆ ಅಂತ ಲಂಡನ್ನಿನಲ್ಲಿದ್ದೆವು. ಒಂದು ಶನಿವಾರ ಹಳೆಯ ಪಬ್‌ಗಳನ್ನು ತೋರಿಸುವ ನಡಿಗೆ ಪ್ರವಾಸಕ್ಕೆ ದುಡ್ಡು ಕಟ್ಟಿದೆವು. ಮನೆಗೆ ಫೋನ್ ಮಾಡಿದಾಗ "ಹಳೇ ಕಟ್ಟಡ ನೋಡೋಕೆ ಹೋಗ್ತಿದೀವಿ" ಅಂದೆವು. ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ನಮ್ಮಲ್ಲೊಬ್ಬ ಮೊದಲಿಂದಲೂ ಗೊಣಗುತ್ತಿದ್ದ. ಅವನ ಮನೆಯಲ್ಲಿ ಕುಡಿತ ಅನ್ನೋದು ಜೋಕ್ ಆಗಿರಲಿಲ್ಲ. ರಾತ್ರಿ ಅಪ್ಪ ಬರುವ ಹೊತ್ತಿಗೆ ಮಕ್ಕಳೆಲ್ಲ ನಿದ್ದೆ ಬಂದವರ ಹಾಗೆ ಮಲಗಿರಬೇಕಿತ್ತಂತೆ. "ನೀವು ನೋಡ್ಕೊಂಡ್ ಬನ್ನಿ, ನಾನು ಹೊರಗೆ ನಿಂತಿರ್ತೀನಿ" ಅಂದ, ಅಂದ ಹಾಗೇ ಮಾಡಿದ. ಇದನ್ನು ಬರೆಯೋಕೆ ಅವನೇ ಒಪ್ಪಿದ್ದಾನೆ. ಆ ದಿನ ನಮ್ಮ ಕಣ್ಣು ಬೇರೆ ಕಡೆ ತಿರುಗಿದ್ದಕ್ಕೆ ಅರ್ಧ ಕಾರಣ ಅವನು ಹೊರಗೆ ನಿಂತದ್ದು.

ಮೊದಲು ಒಂದು ಮಾತು. ಹೆಂಡದಂಗಡಿಗಳನ್ನು ಚರಿತ್ರೆ ಅಂತ ಯಾಕೆ ನೋಡಬೇಕು ಅಂತ ಕೇಳುವವರಿದ್ದಾರೆ. ನಮ್ಮ ಎಚ್‌ಒಡಿಯವರೂ ಕೇಳಿಯಾರು. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಆಫೀಸು, ಕಾನ್ಫರೆನ್ಸ್ ಹಾಲು ಅಂತ ಸುಲಭಕ್ಕೆ ಸಿಗುತ್ತಿರಲಿಲ್ಲ. ನಾಲ್ಕು ಜನ ಸೇರಿ ಏನಾದರೂ ಮಾತಾಡಬೇಕಂದರೆ ಟ್ಯಾವರ್ನಿನ ಮಹಡಿಯ ಕೋಣೆಯೇ ಗತಿ. ಸಂಘ ಕಟ್ಟೋದು, ಹರಾಜು ಹಾಕೋದು, ಹಡಗಿಗೆ ಪಾಲುದಾರರನ್ನು ಹುಡುಕೋದು, ಸತ್ತವರ ಬಗ್ಗೆ ವಿಚಾರಣೆ ನಡೆಸೋದು, ಎಲ್ಲ ಅಂಥ ಕಡೆಯೇ. ಊಟ, ಕುದುರೆಗೆ ಹುಲ್ಲು, ಮಲಗೋಕೆ ಜಾಗ ಕೊಡುವುದು 'ಇನ್'. ವೈನ್ ಮಾರುತ್ತಿದ್ದದ್ದು 'ಟ್ಯಾವರ್ನ್'. ಬಡವರು ಏಲ್ ಕುಡಿಯುತ್ತಿದ್ದದ್ದು 'ಏಲ್‌ಹೌಸ್'. ಇವೆಲ್ಲ ಕಲಸಿಹೋಗಿ ಈಗ ಪಬ್ ಅನ್ನುವ ಒಂದೇ ಹೆಸರಾಗಿದೆ.

ನಡಿಗೆ ಶುರುವಾದದ್ದು ಥೇಮ್ಸ್ ನದಿಯ ದಕ್ಷಿಣಕ್ಕೆ, ಬರೋ ಹೈ ಸ್ಟ್ರೀಟಿನ ಜಾರ್ಜ್ ಇನ್‌ನಿಂದ. 1676ರಲ್ಲಿ ಸದರ್ಕ್ ಬೆಂಕಿಗೆ ಸಿಕ್ಕಿದ ಮೇಲೆ ಮತ್ತೆ ಕಟ್ಟಿದ್ದು. ಅಂಗಳದ ಕಡೆಗೆ ಮುಖ ಮಾಡಿದ ಮರದ ಮೊಗಸಾಲೆಗಳು ಮಹಡಿಯ ಮೇಲೆ ಮಹಡಿ. ಲಂಡನ್ನಿನಲ್ಲಿ ಇಂಥದ್ದು ಉಳಿದಿರೋದು ಇದೊಂದೇ. ನಮ್ಮ ಕಡೆ ಹೇಳೋದಾದರೆ ಬಸ್‌ಸ್ಟ್ಯಾಂಡು, ಲಾಡ್ಜು, ಕ್ಯಾಂಟೀನು ಮೂರೂ ಒಂದೇ ಅಂಗಳದಲ್ಲಿ ಇದ್ದಂತೆ. ಕುದುರೆಗಾಡಿಗಳು ಇಲ್ಲಿಂದಲೇ ದಕ್ಷಿಣದ ಊರುಗಳಿಗೆ ಹೊರಡುತ್ತಿದ್ದವು. ಆಮೇಲೆ ರೈಲು ಬಂತು, ಗಾಡಿಗಳು ನಿಂತವು. ರೈಲ್ವೆ ಕಂಪನಿಯೇ ಇನ್ನನ್ನು ಕೊಂಡು, ತನ್ನ ಗೋದಾಮಿಗೆ ಜಾಗ ಬೇಕು ಅಂತ 1889ರಲ್ಲಿ ಹೆಚ್ಚಿನ ಭಾಗ ಕೆಡವಿತು. ಈಗ ನಾವು ನೋಡಿ ಬಾಯಿ ಬಿಡೋದು ದಕ್ಷಿಣದ ಒಂದು ಸಾಲನ್ನು ಮಾತ್ರ. 1937ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಬಂತು. ಕೊಟ್ಟದ್ದೂ ರೈಲ್ವೆ ಕಂಪನಿಯೇ. ಕೆಡವುವ ಕೈ, ಕಾಪಾಡುವ ಕೈ ಎರಡೂ ನಮ್ಮ ವೃತ್ತಿಯವರದ್ದೇ ಅನ್ನೋದನ್ನ ಅಲ್ಲೇ ಗಮನಿಸಿದೆವು.

ಲಂಡನ್ ಬ್ರಿಡ್ಜ್ ದಾಟಿ ಕಾರ್ನ್‌ಹಿಲ್. ಕಾಲು ಚಾಚಿದರೆ ಎರಡೂ ಗೋಡೆಗೆ ತಾಗುತ್ತೇನೋ ಅನ್ನುವಂಥ ಸೇಂಟ್ ಮೈಕಲ್ಸ್ ಓಣಿಯಲ್ಲಿ ಜಮೈಕಾ ವೈನ್ ಹೌಸ್ ಇದೆ. ಈಗಿನ ಕಟ್ಟಡ ಹತ್ತೊಂಬತ್ತನೇ ಶತಮಾನದ್ದು, ಆದರೆ ಜಾಗ ದೊಡ್ಡದು: 1652ರಲ್ಲಿ ಪಾಸ್ಕ್ವಾ ರೋಸೆ ಅನ್ನುವವನು ಲಂಡನ್ನಿನ ಮೊದಲ ಕಾಫಿ ಹೌಸ್ ತೆರೆದದ್ದು ಇಲ್ಲೇ. (ಚಿಕ್ಕಮಗಳೂರಿನ ನಮ್ಮ ಹುಡುಗಿ ಬಾಬಾ ಬುಡನ್ ಕತೆಯನ್ನು ಗೈಡ್‌ಗೆ ಹೇಳಿ, ಅವನ ಐದು ನಿಮಿಷ ತಿಂದಳು.) ಅಲ್ಲಿಂದ ಫ್ಲೀಟ್ ಸ್ಟ್ರೀಟಿನ ಯೆ ಓಲ್ಡ್ ಚೆಶೈರ್ ಚೀಸ್. 1666ರ ಮಹಾ ಬೆಂಕಿಯ ಮರುವರ್ಷ ಮತ್ತೆ ಕಟ್ಟಿದ್ದು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಈ ಅಂಗಡಿ ಎಷ್ಟು ರಾಜರಾಣಿಯರ ಕಾಲ ಕಂಡಿದೆ ಅಂತ ಪಟ್ಟಿ ಇದೆ. ಒಳಗೆ ಕತ್ತಲೋ ಕತ್ತಲು. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಇಲ್ಲೇ ಕೂರುತ್ತಿದ್ದ ಅಂತ ಗೈಡ್ ಒಂದು ಮೂಲೆ ತೋರಿಸಿದ. ಜಾನ್ಸನ್ನನ ಮನೆ ಹತ್ತಿರದಲ್ಲೇ ಇತ್ತು ಅನ್ನೋದು ಖರೆ. ಅವನು ಈ ಅಂಗಡಿಗೆ ಬಂದಿದ್ದ ಅನ್ನೋಕೆ ಬರಹದ ಸಾಕ್ಷಿ ಒಂದೂ ಇಲ್ಲ. ಅವನು ಕೆಮ್ಮಿದ್ದನ್ನೂ ಬಿಡದೆ ಬರೆದಿಟ್ಟ ಬಾಸ್ವೆಲ್ ಕೂಡ ಈ ಹೆಸರು ಎತ್ತಿಲ್ಲ. ಪಬ್ ಪ್ರವಾಸಗಳ ಸ್ವಭಾವವೇ ಹೀಗೆ. ಇರಬಹುದು ಅನ್ನೋದು ಎರಡನೇ ಗ್ಲಾಸಿನ ಹೊತ್ತಿಗೆ ಇತ್ತು ಅಂತಾಗಿರುತ್ತೆ. ಇದರಿಂದ ಯಾರಿಗೂ ನಷ್ಟವಿಲ್ಲ, ನಮ್ಮ ತಕರಾರೂ ಇಲ್ಲ.

ತಕರಾರು ಇರೋದು ಮುಂದಿನ ಎರಡು ಜಾಗದ ಬಗ್ಗೆ.

ಹಾಲ್ಬರ್ನ್‌ನಲ್ಲಿ ಗೈಡ್ ನಿಲ್ಲಲೇ ಇಲ್ಲ. ನಿಲ್ಲೋಕೆ ಅಲ್ಲಿ ಕಟ್ಟಡ ಉಳಿದಿಲ್ಲ, ಒಪ್ಪಿದೆವು. ಆದರೆ ಆ ರಸ್ತೆಯಲ್ಲಿ ಒಂದು ಕಾಲಕ್ಕೆ ಕಿಂಗ್ಸ್ ಹೆಡ್ ಅನ್ನುವ ಟ್ಯಾವರ್ನ್ ಇತ್ತು. 1771ರ ಮಾರ್ಚ್ 15ರಂದು ಜಾನ್ ಸ್ಮೀಟನ್ ಮತ್ತು ಕೆಲವರು ಅಲ್ಲಿ ಸೇರಿ 'ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್' ಕಟ್ಟಿದರು. ಸ್ಮೀಟನ್ ಗೊತ್ತಲ್ಲ, ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದವನು, ನೀರಿನಡಿಯಲ್ಲೂ ಗಟ್ಟಿಯಾಗುವ ಸುಣ್ಣದ ಬಗ್ಗೆ ಪ್ರಯೋಗ ಮಾಡಿದವನು. ಕಾಂಕ್ರೀಟ್ ಟೆಕ್ನಾಲಜಿ ಮೊದಲ ಮಾಡ್ಯೂಲಿನಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ. ಸೈನ್ಯದ ಎಂಜಿನಿಯರ್ ಅಲ್ಲ, ಜನರ ಕೆಲಸದ ಎಂಜಿನಿಯರ್ ಅನ್ನೋ ಅರ್ಥದಲ್ಲಿ ತನ್ನನ್ನು 'ಸಿವಿಲ್' ಅಂತ ಕರೆದುಕೊಂಡದ್ದೂ ಅವನೇ. ಆಗ ಕಾಲುವೆಗಳ ಕಾಲ. ಒಂದು ಕಾಲುವೆಯ ಮಸೂದೆ ಪಾರ್ಲಿಮೆಂಟಿಗೆ ಬಂದರೆ ಪರ ಒಬ್ಬ ಎಂಜಿನಿಯರ್, ವಿರೋಧ ಇನ್ನೊಬ್ಬ ಎಂಜಿನಿಯರ್ ಸಾಕ್ಷಿ ಹೇಳಬೇಕು. ಹಗಲು ಕಿತ್ತಾಡಿದವರು ರಾತ್ರಿ ಒಟ್ಟಿಗೆ ಕೂತು ಉಂಡು ಮಾತಾಡಲಿ ಅಂತ ಈ ಸಂಘ. ಆಮೇಲೆ 1818ರ ಜನವರಿ 2ರಂದು ಫ್ಲೀಟ್ ಸ್ಟ್ರೀಟಿನ ಕೆಂಡಲ್ ಕಾಫಿ ಹೌಸಿನಲ್ಲಿ ಕೆಲವು ಹುಡುಗರು ಸೇರಿ 'ಇನ್ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್' ಶುರು ಮಾಡಿದರು. ವಯಸ್ಸಿನಲ್ಲಿ ನಮಗಿಂತ ಸ್ವಲ್ಪ ದೊಡ್ಡವರು, ಅಷ್ಟೇ. ನಮ್ಮ ಡಿಗ್ರಿ ಸರ್ಟಿಫಿಕೇಟ್ ಮೇಲೆ ಬರುವ ಆ ಪದದ ಹಿಂದೆ ಒಂದು ಹೆಂಡದಂಗಡಿ, ಒಂದು ಕಾಫಿ ಅಂಗಡಿ ಇವೆ. ಪ್ರವಾಸದಲ್ಲಿ ಇದಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಸಾಹಿತಿ ಕೂತ ಕುರ್ಚಿಗೆ ಸಿಗುವ ಮರ್ಯಾದೆ ಎಂಜಿನಿಯರ್ ಕೂತ ಕುರ್ಚಿಗೆ ಎಲ್ಲೂ ಸಿಗಲ್ಲ ಬಿಡಿ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಟಾಟೆನ್ಹ್ಯಾಮ್ ಕೋರ್ಟ್ ರೋಡ್ ಮೂಲೆ, ಡೊಮಿನಿಯನ್ ಥಿಯೇಟರ್. ಇಲ್ಲಿ ಗೈಡ್ ನಿಂತ. ಗಂಟಲು ಸರಿಮಾಡಿಕೊಂಡು, ಇವತ್ತಿನ ಅತ್ಯಂತ ಖುಷಿಯ ಕತೆ ಇದು ಅಂದ. ಇಲ್ಲಿದ್ದ ಬ್ರೂವರಿಯಲ್ಲಿ ದೊಡ್ಡ ತೊಟ್ಟಿ ಒಡೆದು ಬಿಯರ್ ಬೀದಿಗೆ ಹರಿಯಿತು, ಜನ ಬಕೆಟ್ಟು ಹಿಡಿದು ಓಡಿಬಂದರು, ಕೆಲವರು ಬಿಯರಿನಲ್ಲೇ ಮುಳುಗಿ ಸತ್ತರು, ಇದಕ್ಕಿಂತ ಒಳ್ಳೆ ಸಾವು ಬೇಕಾ ಅಂದ. ಗುಂಪು ನಕ್ಕಿತು. ನಾವೂ ನಕ್ಕೆವು, ಕ್ವಿಜ್ ಪ್ರಶ್ನೆ ನೆನಪಾಗಿ ಸ್ವಲ್ಪ ಜೋರಾಗಿಯೇ. ಹೊರಗೇ ನಿಂತು ಅಭ್ಯಾಸವಾಗಿದ್ದ ನಮ್ಮವನು ಗುಂಪಿನ ಅಂಚಿನಿಂದ ಕೇಳಿದ: "ಸತ್ತವರು ಯಾರು?"

ಗೈಡ್‌ಗೆ ಗೊತ್ತಿರಲಿಲ್ಲ. ಎಂಟು ಜನ ಅಂದ. ಯಾರು ಅಂತ ಮತ್ತೆ ಕೇಳಿದಾಗ, "ಪಾಪ, ಬಾಯಾರಿದವರು" ಅಂತ ಇನ್ನೊಂದು ಜೋಕ್ ಹೊಡೆದ. ನಡಿಗೆ ಮುಂದೆ ಹೋಯಿತು.

ಆ ರಾತ್ರಿ ರೂಮಿನಲ್ಲಿ ಕೂತು ಓದಿದೆವು. ಓದಿದ್ದನ್ನ ಹೇಳುತ್ತೇವೆ, ಸ್ವಲ್ಪ ತಾಳ್ಮೆ ಇರಲಿ.

ಬ್ರೂವರಿಯ ಹೆಸರು ಹಾರ್ಸ್ ಶೂ, ನಡೆಸುತ್ತಿದ್ದವರು ಮ್ಯೂ ಕಂಪನಿ. ಅಲ್ಲಿ ತಯಾರಾಗುತ್ತಿದ್ದದ್ದು ಪೋರ್ಟರ್ ಅನ್ನುವ ಕಪ್ಪು ಬಿಯರ್. ಅದನ್ನು ತಿಂಗಳುಗಟ್ಟಲೆ ಮರದ ತೊಟ್ಟಿಯಲ್ಲಿ ಹಣ್ಣಾಗೋಕೆ ಬಿಡುತ್ತಿದ್ದರು. ಯಾರ ತೊಟ್ಟಿ ದೊಡ್ಡದು ಅಂತ ಬ್ರೂವರಿಗಳ ನಡುವೆ ಪೈಪೋಟಿ ಬೇರೆ. ಒಡೆದ ತೊಟ್ಟಿ 22 ಅಡಿ ಎತ್ತರ. ಅದರಲ್ಲಿದ್ದದ್ದು ಹತ್ತು ತಿಂಗಳ ಹಳೆಯ ಪೋರ್ಟರ್, 3,555 ಬ್ಯಾರಲ್. ನಮ್ಮ ಲೆಕ್ಕದಲ್ಲಿ 5.8 ಲಕ್ಷ ಲೀಟರ್. ಹಲಗೆಗಳನ್ನು ಒಟ್ಟಿಗೆ ಹಿಡಿದಿದ್ದದ್ದು ಸುತ್ತ ಬಿಗಿದ ಕಬ್ಬಿಣದ ಪಟ್ಟಿಗಳು. ಎತ್ತಿನ ಗಾಡಿಯ ಚಕ್ರಕ್ಕೆ ಕಾಸಿ ತೊಡಿಸುತ್ತಾರಲ್ಲ, ಆ ಬಗೆಯದ್ದು, ಆದರೆ ಒಂದೊಂದೂ ಸುಮಾರು 700 ಪೌಂಡ್ ತೂಕ, ಅಂದರೆ ಮುನ್ನೂರು ಕೆಜಿಗೂ ಮೇಲೆ.

ಇಂಗ್ಲಿಷಿನಲ್ಲಿ ಆ ಪಟ್ಟಿಗೆ ಹೂಪ್ ಅನ್ನುತ್ತಾರೆ. ಹೌದು, ಮೂರನೇ ಸೆಮಿಸ್ಟರಿನ ಹೂಪ್ ಸ್ಟ್ರೆಸ್, ಅದೇ ಹೂಪ್. ಪೀಪಾಯಿಯ ಪಟ್ಟಿಯಿಂದ ಬಂದ ಹೆಸರದು. ಪಿ ಆರ್ ಬೈ ಟಿ ಅಂತ ಬಾಯಿಪಾಠ ಮಾಡಿ, ತೆಳು ಸಿಲಿಂಡರ್ ಪ್ರಶ್ನೆಗೆ ಹತ್ತು ಅಂಕ ತಗೊಂಡು ಮರೆತವರು ನಾವು. ಆ ರಾತ್ರಿ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದೆವು. ತೊಟ್ಟಿಯನ್ನು ನೇರ ಸಿಲಿಂಡರ್ ಅಂತಿಟ್ಟುಕೊಂಡರೆ 6.7 ಮೀಟರ್ ಎತ್ತರಕ್ಕೆ ವ್ಯಾಸ ಹತ್ತೂವರೆ ಮೀಟರ್ ಬರುತ್ತೆ. ತಳದಲ್ಲಿ ಒತ್ತಡ ಸುಮಾರು 66 ಕಿಲೋಪ್ಯಾಸ್ಕಲ್. ಅಲ್ಲಿ ಪಟ್ಟಿಗಳು ಪ್ರತಿ ಒಂದು ಮೀಟರ್ ಎತ್ತರಕ್ಕೆ 350 ಕಿಲೋನ್ಯೂಟನ್ನಿನಷ್ಟು ಎಳೆತ ತಡೆಯಬೇಕು. 35 ಟನ್ ತೂಗುಹಾಕಿದ ಹಾಗೆ. ಹಲಗೆ ಒಂದನ್ನೊಂದು ಹಿಡಿದುಕೊಂಡಿರೋದಿಲ್ಲ. ಹಿಡಿದುಕೊಂಡಿರೋದು ಪಟ್ಟಿ. ಒಂದು ಪಟ್ಟಿ ಹೋದರೆ ಅದರ ಪಾಲು ಪಕ್ಕದವುಗಳ ಮೇಲೆ ಬೀಳುತ್ತೆ.

1814ರ ಅಕ್ಟೋಬರ್ 17, ಸಂಜೆ ನಾಲ್ಕೂವರೆ. ಗೋದಾಮಿನ ಗುಮಾಸ್ತ ಜಾರ್ಜ್ ಕ್ರಿಕ್ ಆ ತೊಟ್ಟಿಯ ಒಂದು ಪಟ್ಟಿ ಜಾರಿರೋದನ್ನ ನೋಡಿದ. ತೊಟ್ಟಿ ಮೇಲಿನ ಅಂಚಿಗೆ ನಾಲ್ಕು ಇಂಚು ಕಡಿಮೆ ಇರುವಷ್ಟು ತುಂಬಿತ್ತು. ಕ್ರಿಕ್ ಗಾಬರಿಯಾಗಲಿಲ್ಲ, ಯಾಕಂದರೆ ಪಟ್ಟಿ ಜಾರೋದು ವರ್ಷಕ್ಕೆ ಎರಡು ಮೂರು ಸಲ ಆಗುತ್ತಿದ್ದದ್ದೇ. ಮೇಲಿನವರಿಗೆ ಹೇಳಿದ. ಏನೂ ಆಗಲ್ಲ, ಪಾಲುದಾರರಿಗೆ ಒಂದು ಚೀಟಿ ಬರೆದಿಡು, ಆಮೇಲೆ ರಿಪೇರಿ ಮಾಡಿಸೋಣ ಅನ್ನೋ ಉತ್ತರ ಬಂತು. ಕ್ರಿಕ್ ಚೀಟಿ ಬರೆದ. ಐದೂವರೆಗೆ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದಾಗ ತೊಟ್ಟಿ ಒಡೆಯಿತು.

ಒಡೆದ ರಭಸಕ್ಕೆ ಪಕ್ಕದ ತೊಟ್ಟಿಯ ನಲ್ಲಿ ಕಿತ್ತುಹೋಗಿ ಅದೂ ಹರಿಯಿತು. ಬ್ರೂವರಿಯ ಹಿಂದಿನ ಗೋಡೆ, 25 ಅಡಿ ಎತ್ತರದ್ದು, ಉರುಳಿತು. ಗೋಡೆಯ ಆಚೆ ಇದ್ದದ್ದು ಸೇಂಟ್ ಗೈಲ್ಸ್, ಲಂಡನ್ನಿನ ಕಡುಬಡವರ ಕೇರಿ. ಐರ್ಲೆಂಡಿನಿಂದ ಕೂಲಿಗೆ ಬಂದವರು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಕೆಲವರು ನೆಲಮಾಳಿಗೆಯಲ್ಲಿ. ಅವತ್ತು ಒಂದು ನೆಲಮಾಳಿಗೆಯಲ್ಲಿ ಆ್ಯನ್ ಸಾವಿಲ್ ಅನ್ನುವ ತಾಯಿ, ಹಿಂದಿನ ದಿನ ತೀರಿಕೊಂಡ ಎರಡು ವರ್ಷದ ಮಗನ ಹೆಣ ಇಟ್ಟುಕೊಂಡು ಕೂತಿದ್ದಳು. ನೆರೆಯವರು ಬಂದು ಜೊತೆಗೆ ಕೂತಿದ್ದರು, ಐರಿಶ್ ಜನರ ಪದ್ಧತಿಯಂತೆ. ಅಲೆ ಅಲ್ಲಿಗೆ ನುಗ್ಗಿತು. ತಾಯಿಯೂ ಸತ್ತಳು, ಜೊತೆಗೆ ಕೂತವರೂ ಸತ್ತರು, ಅವರಲ್ಲೊಬ್ಬಳ ಮೂರು ವರ್ಷದ ಗಂಡು ಮಗು ಕೂಡ. ಇನ್ನೊಂದು ಮನೆಯಲ್ಲಿ ನಾಲ್ಕು ವರ್ಷದ ಹ್ಯಾನಾ ಬ್ಯಾಮ್‌ಫೀಲ್ಡ್ ಚಹಾದ ಹೊತ್ತಿಗೆ ಅಮ್ಮನ ಜೊತೆ ಕೂತಿದ್ದಳು. ಗ್ರೇಟ್ ರಸೆಲ್ ಸ್ಟ್ರೀಟಿನ ಟ್ಯಾವಿಸ್ಟಾಕ್ ಆರ್ಮ್ಸ್ ಅನ್ನುವ ಪಬ್ಬಿನ ಹಿತ್ತಲಲ್ಲಿ ಎಲೀನರ್ ಕೂಪರ್, ಕೆಲಸದ ಹುಡುಗಿ, ಇನ್ನೂ ಹದಿನಾಲ್ಕೋ ಏನೋ, ಪಾತ್ರೆ ತೊಳೆಯುತ್ತಿದ್ದಳು. ಗೋಡೆ ಅವಳ ಮೇಲೆ ಬಿತ್ತು.

ಎಂಟೂ ಜನ ಹೆಂಗಸರು ಮತ್ತು ಮಕ್ಕಳು. ಬ್ರೂವರಿಯೊಳಗೆ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ.

ಬಕೆಟ್ಟು ಹಿಡಿದು ಓಡಿಬಂದ ಜನ, ಕುಡಿದು ಕುಡಿದೇ ಸತ್ತವರು, ಇದೆಲ್ಲ ಆ ದಿನಗಳ ಪತ್ರಿಕೆಗಳ ವರದಿಯಲ್ಲಿ ಇಲ್ಲ. ಆಮೇಲೆ ಯಾರೋ ಸೇರಿಸಿದ್ದು. ಬಡ ಐರಿಶರು ಅಂದಮೇಲೆ ಕುಡುಕರೇ ಇರಬೇಕು ಅನ್ನುವ ಲೆಕ್ಕ ನೋಡಿ. ಗೋಡೆ ಬಿದ್ದು ಸತ್ತ ಮಗು ಹೀಗೆ ಪುಕ್ಕಟೆ ಬಿಯರಿಗೆ ಆಸೆಪಟ್ಟು ಸತ್ತಂತಾಯಿತು. ನಮ್ಮ ಕ್ವಿಜ್ ಆ ಸುಳ್ಳಿಗೆ ಇನ್ನೂರು ವರ್ಷ ಆದಮೇಲೆ, ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ, ಡೈರಿ ಮಿಲ್ಕ್ ಕೊಟ್ಟಿತು.

ವಿಚಾರಣೆ ಎರಡೇ ದಿನಕ್ಕೆ, ಅಕ್ಟೋಬರ್ 19ರಂದು ನಡೆಯಿತು. ಆಕಸ್ಮಿಕ, ದುರದೃಷ್ಟ ಅಂತ ತೀರ್ಪು. ಕಂಪನಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿ, ಹರಿದುಹೋದ ಬಿಯರಿಗೆ ತಾನು ಮೊದಲೇ ಕಟ್ಟಿದ್ದ ಸುಂಕವನ್ನು ವಾಪಸ್ ಪಡೆದುಕೊಂಡಿತು, ಏಳು ಸಾವಿರ ಪೌಂಡಿಗೂ ಹೆಚ್ಚು. ಒಡೆದ ತೊಟ್ಟಿಯನ್ನು ನೋಡೋಕೆ ನೂರಾರು ಜನ ಬಂದರು, ಕಾವಲುಗಾರ ಅವರಿಂದ ಕಾಸು ವಸೂಲಿ ಮಾಡಿದ. ಆ ಜಾಗದ ಮೊದಲ ಪ್ರವಾಸ ಅದೇ ಅನ್ನಬೇಕು. ನಾವು ಅದರ ಇತ್ತೀಚಿನ ಗಿರಾಕಿಗಳು. ಬ್ರೂವರಿ ಅದೇ ಜಾಗದಲ್ಲಿ ಇನ್ನೂ ನೂರು ವರ್ಷ ನಡೆಯಿತು, 1922ರಲ್ಲಿ ಕೆಡವಿದರು.

ಈಗ ನಮ್ಮ ಅಭಿಪ್ರಾಯ. ಈ ಥರದ ನಡಿಗೆಗಳು ಬೇಕು. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಸಿಗದಿರೋದು ಇಲ್ಲಿ ಕಾಲಿಗೆ ಸಿಗುತ್ತೆ. ಬ್ರೂವರಿಗೂ ಕೇರಿಗೂ ಎಷ್ಟು ಹತ್ತಿರ ಅಂತ ಪುಸ್ತಕದಲ್ಲಿ ಓದಿದರೆ ಗೊತ್ತಾಗಲ್ಲ, ಆ ಮೂಲೆಯಲ್ಲಿ ನಿಂತು ಗ್ರೇಟ್ ರಸೆಲ್ ಸ್ಟ್ರೀಟ್ ಕಡೆ ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಆದರೆ ಈ ಪ್ರವಾಸಗಳು ಕುಡಿದವರ ಕತೆ ಮಾತ್ರ ಹೇಳುತ್ತವೆ, ಅದೂ ಹೆಸರಿದ್ದವರು ಕುಡಿದ ಕತೆ. ಪಾತ್ರೆ ತೊಳೆದವಳ ಕತೆ ಹೇಳಲ್ಲ. ಜಾನ್ಸನ್ ಬಂದಿದ್ದ ಅನ್ನೋಕೆ ಸಾಕ್ಷಿ ಇಲ್ಲದಿದ್ದರೂ ಅವನಿಗೆ ಒಂದು ಮೂಲೆ ಇದೆ. ಎಲೀನರ್ ಕೂಪರ್ ಪಬ್ಬಿನ ಹಿತ್ತಲಲ್ಲಿ ಸತ್ತದ್ದಕ್ಕೆ ವಿಚಾರಣೆಯ ದಾಖಲೆಯೇ ಇದೆ, ಅವಳ ಹೆಸರು ಗೈಡ್‌ಗೆ ಗೊತ್ತಿಲ್ಲ.

ಶನಿವಾರ ಖುಷಿಗೆ ಅಂತ ದುಡ್ಡು ಕೊಟ್ಟು ಬಂದವರಿಗೆ ಸೂತಕದ ಕತೆ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮಲ್ಲೇ ಒಬ್ಬಳು ಕೇಳಿದಳು, ಸುಮಾರು ಹೊತ್ತು ವಾದ ಮಾಡಿದಳು. ಇನ್ನೂರು ವರ್ಷದ ಹಿಂದಿನದು, ಯಾರಿಗೂ ನೋವಾಗಲ್ಲ, ನಗು ಬಂದರೆ ನಗಲಿ ಅಂತ. ಅವಳ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಹಳೆಯ ಸಾವುಗಳಿಗೆಲ್ಲ ಮುಖ ಸಣ್ಣ ಮಾಡಿಕೊಂಡು ನಡೆದರೆ ಯಾವ ಹಳೇ ಊರಲ್ಲೂ ಒಂದು ಬೀದಿ ದಾಟೋಕಾಗಲ್ಲ. ಆದರೆ ಗೈಡ್ ಹೇಳಿದ ಕತೆಯ ಸಮಸ್ಯೆ ನಗುವಲ್ಲಿಲ್ಲ. ಆ ಕತೆಯಲ್ಲಿ ತೊಟ್ಟಿ ತಾನಾಗಿ ಒಡೆಯುತ್ತೆ. ಪಟ್ಟಿ ಇಲ್ಲ, ಕ್ರಿಕ್ ಇಲ್ಲ, ಚೀಟಿ ಇಲ್ಲ, ನಾಲ್ಕೂವರೆಯಿಂದ ಐದೂವರೆವರೆಗಿನ ಒಂದು ಗಂಟೆ ಇಲ್ಲ. ಬೇರೆಯವರಿಗೆ ಅದು ಬೇಡದಿರಬಹುದು. ಎಂಜಿನಿಯರಿಂಗ್ ಓದುವ ನಮಗೆ ಬೇಕಾಗಿರೋದು ಆ ಒಂದು ಗಂಟೆ ಮಾತ್ರ.

ಯಾಕಂದರೆ ಕ್ರಿಕ್ ಸೋಮಾರಿ ಆಗಿರಲಿಲ್ಲ. ನೋಡಿದ, ಹೇಳಿದ, ಬರೆದ. ನಾವು ಮಾಡೋದೂ ಇಷ್ಟೇ. ಹೋದ ಸೆಮಿಸ್ಟರ್ ಫ್ಲೂಯಿಡ್ಸ್ ಲ್ಯಾಬಿನಲ್ಲಿ ಪಂಪಿನ ಡೆಲಿವರಿ ಪೈಪಿನ ಕ್ಲಿಪ್ ಪದೇ ಪದೇ ಜಾರುತ್ತಿತ್ತು. ನಾವೇ ಬೈಂಡಿಂಗ್ ವೈರ್ ಸುತ್ತಿದೆವು. "ಎಕ್ಸ್‌ಟರ್ನಲ್ ಮುಗಿಯೋವರೆಗೂ ಬಂದ್ರೆ ಸಾಕು" ಅಂದದ್ದೂ ನಾವೇ. ರಿಜಿಸ್ಟರಿನಲ್ಲಿ ಒಂದು ಸಾಲು ಬರೆದೆವು, ಪಕ್ಕದಲ್ಲಿ ತಾರೀಕು ಹಾಕಿದೆವು, ಜವಾಬ್ದಾರಿ ಮುಗಿಯಿತು ಅಂದುಕೊಂಡೆವು. ಅದು ಒಡೆದರೆ ಒಂದಷ್ಟು ನೀರು, ಒದ್ದೆ ರೆಕಾರ್ಡ್ ಬುಕ್ಕು. ಆದರೆ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಕೈಗೆ ಬರೋದು ಬಾಯ್ಲರ್, ಕ್ರೇನ್, ಸೇತುವೆ. ಅಭ್ಯಾಸ ಮಾತ್ರ ಲ್ಯಾಬಿನದ್ದೇ. ವರ್ಷಕ್ಕೆ ಮೂರು ಸಲ ಜಾರಿ ಏನೂ ಆಗದ ಪಟ್ಟಿ ಪ್ರತಿ ಸಲವೂ ನಮಗೆ ಧೈರ್ಯ ಕಲಿಸುತ್ತೆ. ಕ್ರಿಕ್‌ಗೂ ಅದೇ ಧೈರ್ಯ ಇತ್ತು. ತೊಟ್ಟಿ ಖಾಲಿ ಮಾಡಿಸುವ ಅಧಿಕಾರ ಅವನಿಗಿರಲಿಲ್ಲ, ಇದ್ದವನಿಗೆ ಹತ್ತು ತಿಂಗಳ ಮಾಲು ಕಣ್ಣ ಮುಂದಿತ್ತು, ಗೋಡೆಯಾಚೆಯ ನೆಲಮಾಳಿಗೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದ್ದರಿಂದ ತೆಳು ಸಿಲಿಂಡರ್ ಪಾಠ ಮಾಡುವ ಮೇಷ್ಟ್ರುಗಳಿಗೆ ನಮ್ಮದೊಂದು ಬೇಡಿಕೆ. ಪಿ ಆರ್ ಬೈ ಟಿ ಬರೆಯುವ ಮೊದಲು ಐದು ನಿಮಿಷ ಈ ತೊಟ್ಟಿಯ ಬಗ್ಗೆ ಹೇಳಿ ಸರ್. ಸಿಲೆಬಸ್ಸಿನಲ್ಲಿ ಇಲ್ಲ, ಗೊತ್ತು. ಹುಡುಗರು ನಿದ್ದೆಯಿಂದಾದರೂ ಏಳುತ್ತಾರೆ.

ಕುಡಿತದ ಬಗ್ಗೆಯೂ ಒಂದು ಮಾತು ಹೇಳದೆ ಹೋದರೆ ನಾವೂ ಗೈಡ್ ಥರ ಅರ್ಧ ಕತೆ ಹೇಳಿದಂತಾಗುತ್ತೆ. ಅದೇ ಸೇಂಟ್ ಗೈಲ್ಸ್ ಕೇರಿಯನ್ನು 1751ರಲ್ಲಿ ಹೋಗಾರ್ತ್ 'ಜಿನ್ ಲೇನ್' ಅಂತ ಚಿತ್ರಿಸಿದ. ಜಿನ್ ಕುಡಿದ ತಾಯಿಯ ಕೈಯಿಂದ ಮಗು ಮೆಟ್ಟಿಲ ಆಚೆ ಜಾರಿ ಬೀಳುತ್ತಿರುವ ಚಿತ್ರ. ಜೊತೆಗೇ 'ಬಿಯರ್ ಸ್ಟ್ರೀಟ್' ಅಂತ ಇನ್ನೊಂದು ಚಿತ್ರ ಮಾಡಿ, ಬಿಯರ್ ಕುಡಿದವರು ದಷ್ಟಪುಷ್ಟ ಅಂತ ತೋರಿಸಿದ. ಆ ಎರಡು ಚಿತ್ರವನ್ನು ಫೋನಿನಲ್ಲಿ ಅಕ್ಕಪಕ್ಕ ಇಟ್ಟು ನಮ್ಮವನಿಗೆ ತೋರಿಸಿದೆವು. ಎಡಗಡೆಯದನ್ನ ಬಹಳ ಹೊತ್ತು ನೋಡಿದ. ಬಲಗಡೆಯದಕ್ಕೆ "ಇದು ಅಡ್ವರ್ಟೈಸ್‌ಮೆಂಟ್" ಅಂದ.

ನಡಿಗೆ ಮುಗಿದದ್ದು ಸೋಹೋದ ಬ್ರಾಡ್‌ವಿಕ್ ಸ್ಟ್ರೀಟಿನಲ್ಲಿ, ಜಾನ್ ಸ್ನೋ ಅನ್ನುವ ಪಬ್ಬಿನ ಮುಂದೆ. ಕೆಮಿಕಲ್‌ನವಳಿಗೆ ಇದು ಯಾತ್ರಾಸ್ಥಳ. 1854ರಲ್ಲಿ ಈ ಬೀದಿಯ ಸುತ್ತ ಕಾಲರಾ ಬಂದು 616 ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಮನೆಮನೆಗೆ ತಿರುಗಿ, ಹೆಚ್ಚುಕಮ್ಮಿ ಎಲ್ಲ ಸಾವೂ ಒಂದು ಪಂಪಿನ ಸುತ್ತ ಸೇರಿವೆ ಅಂತ ತೋರಿಸಿದ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಅದೇ ಬೀದಿಯ ಬ್ರೂವರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರು, ಕಾಲರಾದಿಂದ ಒಬ್ಬರೂ ಸಾಯಲಿಲ್ಲ. ಅವರಿಗೆ ಬಿಯರ್ ಪುಕ್ಕಟೆ ಸಿಗುತ್ತಿತ್ತು, ಬೀದಿಯ ಪಂಪಿನ ನೀರು ಮುಟ್ಟುತ್ತಿರಲಿಲ್ಲ, ಒಳಗೆ ಬೇರೆ ಬಾವಿಯೂ ಇತ್ತು. ಬಿಯರ್ ಕೊಂದ ಬೀದಿಯಿಂದ ಬಿಯರ್ ಕಾಪಾಡಿದ ಬೀದಿಗೆ ಹದಿನೈದು ನಿಮಿಷದ ನಡಿಗೆ.

ಜಾನ್ ಸ್ನೋ ಬದುಕಿನ ಬಹುಕಾಲ ಕುಡಿಯದ ಮನುಷ್ಯ, ಮದ್ಯಪಾನದ ವಿರುದ್ಧ ಪ್ರತಿಜ್ಞೆ ಮಾಡಿದ್ದವನು. ಅವನ ಹೆಸರಿನಲ್ಲಿ ಪಬ್ ಇದೆ. ಇದನ್ನು ಗೈಡ್ ಹೇಳಿದಾಗ ನಮ್ಮವನು ಆ ದಿನ ಮೊದಲ ಸಲ ನಕ್ಕ, ಒಳಗೂ ಬಂದ. ನಾಲ್ವರೂ ಲೈಮ್ ಸೋಡಾ ಕುಡಿದೆವು. ಲೈಮ್ ಸೋಡಾಕ್ಕೆ ಅಷ್ಟು ದುಡ್ಡಾ ಅಂತ ಇನ್ನೂ ಹೊಟ್ಟೆ ಉರಿಯುತ್ತೆ.

ಈ ಸಲದ ರಾಜ್ಯೋತ್ಸವ ಕ್ವಿಜ್ಜಿಗೂ ಪ್ರಶ್ನೆ ಬರೆಯುವವರು ನಾವೇ. ಹಳೇ ಪ್ರಶ್ನೆಯನ್ನು ತಿದ್ದಿ ಮತ್ತೆ ಹಾಕುತ್ತಿದ್ದೇವೆ, ಮೊದಲೇ ಹೇಳಿಬಿಟ್ಟೆವು ಅಂತ ಬೇರೆ ಕಾಲೇಜಿನವರು ಜಗಳಕ್ಕೆ ಬರಬೇಡಿ: "1814ರ ಅಕ್ಟೋಬರ್ 17, ಸಂಜೆ 4.30. ತುಂಬಿದ ತೊಟ್ಟಿಯ ಒಂದು ಪಟ್ಟಿ ಜಾರಿದೆ. ಏನೂ ಆಗಲ್ಲ ಅಂತ ಮೇಲಿನವರು ಹೇಳಿದ್ದಾರೆ. ನಿಮ್ಮ ಹತ್ತಿರ ಒಂದು ಗಂಟೆ ಇದೆ, ಗೋಡೆಯಾಚೆ ಕೇರಿ ಇದೆ. ಏನು ಮಾಡುತ್ತೀರಿ?" ಪಾಸ್ ಇಲ್ಲ. ಸಭಿಕರೂ ಉತ್ತರಿಸಬಹುದು.